ಗ್ರಂಥಪಾಲಕಿಯ ಬೀಗದ ಕೈ

ತರಬೇತಿಯ ಮೊದಲ ದಿನ ನನ್ನ ಕೈಗೆ ಬಂದದ್ದು ಒಂದು ಬೀಗದ ಕೈಗೊಂಚಲು. ಪುಸ್ತಕ ಮುಟ್ಟಿದ್ದು ಅದಾದ ಮೂರು ದಿನದ ಮೇಲೆ.

ಹನ್ನೆರಡು ವರ್ಷಗಳ ಹಿಂದಿನ ಮಾತು. ಗ್ರಂಥಾಲಯ ವಿಜ್ಞಾನದ ಕೊನೆಯ ವರ್ಷದಲ್ಲಿದ್ದ ನಮ್ಮನ್ನೆಲ್ಲ ಒಂದು ತಿಂಗಳ ಪ್ರಾಯೋಗಿಕ ತರಬೇತಿಗೆಂದು ಊರಿನ ಬೇರೆ ಬೇರೆ ಕಡೆಗೆ ಹಂಚಿದ್ದರು. ಗೆಳತಿಯರಿಗೆ ಕಾಲೇಜುಗಳು, ಸಂಶೋಧನಾ ಸಂಸ್ಥೆಗಳು ಸಿಕ್ಕವು. ನನ್ನ ಪಾಲಿಗೆ ಬಂದದ್ದು ಶ್ರೀಗಂಧದ ಕಾವಲ್ ಸುತ್ತಿನ ಒಂದು ಶಾಲೆ. ಮಾಗಡಿ ರಸ್ತೆಯ ಸುಂಕದಕಟ್ಟೆಯಲ್ಲಿ ಬಸ್ಸಿಳಿದು, ಗಾಡಿ ಅಂಗಡಿ, ವೆಲ್ಡಿಂಗ್ ಶೆಡ್ಡು, ಒಂದರ ಮೇಲೊಂದು ಬೆಳೆದ ಬಾಡಿಗೆ ಮನೆಗಳನ್ನು ದಾಟಿಕೊಂಡು ಹೋಗಬೇಕು. ಪೀಣ್ಯದ ಕಾರ್ಖಾನೆಗೋ ಗಾರ್ಮೆಂಟ್ಸ್‌ಗೋ ಹೋಗುವವರ ಮಕ್ಕಳು ಹೆಚ್ಚಾಗಿ ಓದುವ ಶಾಲೆ. ಹೆಸರು ಬೇಡ, ಅಂಥವು ಆ ಕಡೆ ಬಹಳ ಇವೆ.

ಗ್ರಂಥಾಲಯ ನೋಡಿಕೊಳ್ಳುತ್ತಿದ್ದವರು ಕನ್ನಡ ಮೇಡಂ. ಪಾಠ, ಹಾಜರಿ, ಬಿಸಿಯೂಟದ ಲೆಕ್ಕದ ಜೊತೆಗೆ ಇದೂ ಅವರ ತಲೆಗೇ ಕಟ್ಟಿದ್ದರು. ಗೊಂಚಲನ್ನು ನನ್ನ ಕೈಗಿಡುತ್ತಾ, "ಐದು ಬೀರು ಇದೆಯಮ್ಮಾ. ಸಾವಿರದ ಇನ್ನೂರು ಚಿಲ್ಲರೆ ಪುಸ್ತಕ. ಹನ್ನೊಂದು ವರ್ಷದಿಂದ ನಾನೇ ಇನ್‌ಚಾರ್ಜು. ಒಂದೂ ಕಳೆದಿಲ್ಲ" ಎಂದರು. ದನಿಯಲ್ಲಿ ಹೆಮ್ಮೆಯಿತ್ತು. ಈ ವರ್ಷ ಎಷ್ಟು ಮಕ್ಕಳು ಪುಸ್ತಕ ತೆಗೆದುಕೊಂಡರು ಮೇಡಂ ಎಂದು ಕೇಳಿದೆ. ಅವರು ಬೇಸರ ಮಾಡಿಕೊಳ್ಳಲಿಲ್ಲ, ನಕ್ಕರು. "ಕೊಟ್ಟರೆ ತಾನೆ ಕಳೆಯೋದು?"

ಆ ಮಾತನ್ನು ಆ ದಿನ ನಾನು ಒಣ ಜಾಣತನ ಎಂದುಕೊಂಡೆ. ತಿಂಗಳು ಮುಗಿಯುವಷ್ಟರಲ್ಲಿ ಗೊತ್ತಾಯಿತು, ಅದರ ಹಿಂದೆ ನೂರಾರು ವರ್ಷಗಳ ಚರಿತ್ರೆಯಿದೆ, ಒಂದು ನಿಜವಾದ ಭಯವೂ ಇದೆ.

ಮೊದಲು ಊರಿನ ಹೆಸರನ್ನೇ ನೋಡಿ. ಹಳೇ ಮೈಸೂರು ಸೀಮೆಯಲ್ಲಿ ಕಾವಲ್ ಎಂದರೆ ಸರ್ಕಾರ ಕಾದಿರಿಸಿದ ಹುಲ್ಲುಗಾವಲು, ಕುರುಚಲು ಕಾಡು. ಅಮೃತ ಮಹಲ್ ತಳಿಯ ದನಗಳಿಗಾಗಿ ಇಂಥ ಕಾವಲುಗಳನ್ನು ಬಿಟ್ಟಿದ್ದು ಚರಿತ್ರೆ ಓದಿದವರಿಗೆಲ್ಲ ಗೊತ್ತು. ಇಲ್ಲಿನ ಹೆಸರಿನಲ್ಲಿ ಶ್ರೀಗಂಧವೂ ಸೇರಿದೆ. ಟಿಪ್ಪುವಿನ ಕಾಲದಿಂದ ಗಂಧ ರಾಜವೃಕ್ಷ. ಯಾರ ಹೊಲದ ಬದುವಿನಲ್ಲಿ ಹುಟ್ಟಿದರೂ ಮರ ಸರ್ಕಾರದ್ದು, ಅದನ್ನು ಕಾಯುವ ಹೊಣೆ ಮಾತ್ರ ಹೊಲದವನದು. ಮರ ಕಳುವಾದರೆ ಅವನೇ ಜವಾಬು ಹೇಳಬೇಕು. ಹೀಗಾಗಿ ಗಂಧದ ಸಸಿ ಕಂಡರೆ ಸದ್ದಿಲ್ಲದೆ ಕಿತ್ತೆಸೆಯುವ ರೈತರಿದ್ದರು. 2001ರಲ್ಲಿ ಕರ್ನಾಟಕ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು, ಮರ ಬೆಳೆದವನೇ ಅದರ ಒಡೆಯ ಎಂದ ಮೇಲೆ ಜನ ಮತ್ತೆ ಗಂಧ ನೆಡಲು ಮನಸ್ಸು ಮಾಡಿದರು. ಕಾಯುವ ಹೊಣೆಯನ್ನಷ್ಟೇ ಹೊರಿಸಿ ಅನುಭವಿಸುವ ಹಕ್ಕು ಕೊಡದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಕಣ್ಣೆದುರಿಗಿರುವ ನಿದರ್ಶನ ಇದು. ಕನ್ನಡ ಮೇಡಂ ಮತ್ತು ಅವರ ಐದು ಬೀರುಗಳ ಕತೆಯೂ ಇದಕ್ಕಿಂತ ಬೇರೆಯಾಗಿರಲಿಲ್ಲ.

ಪುಸ್ತಕವನ್ನು ಕಾಯುವುದು ಸಣ್ಣ ಕೆಲಸವೆಂದು ನಾನು ಹೇಳುತ್ತಿಲ್ಲ. ಯುರೋಪಿನ ಹಳೆಯ ಚರ್ಚು, ಮಠಗಳಲ್ಲಿ ಪುಸ್ತಕಗಳಿಗೆ ಕಬ್ಬಿಣದ ಸರಪಳಿ ಬಿಗಿದಿಡುತ್ತಿದ್ದರು. ಇಂಗ್ಲೆಂಡಿನ ಹೆರೆಫೋರ್ಡ್ ಕತೀಡ್ರಲ್‌ನಲ್ಲಿ ಅಂಥದ್ದೊಂದು ಗ್ರಂಥಾಲಯ ಇಂದಿಗೂ ಇದೆ. ಒಂದು ಪುಸ್ತಕವನ್ನು ಕೈಯಲ್ಲಿ ನಕಲು ಮಾಡಲು ತಿಂಗಳುಗಟ್ಟಲೆ ಬೇಕಾಗಿದ್ದ ಕಾಲದಲ್ಲಿ ಸರಪಳಿಗೆ ಅರ್ಥವಿತ್ತು. ನಮ್ಮಲ್ಲಿ ಮೂಡಬಿದಿರೆಯ ಸಿದ್ಧಾಂತ ಬಸದಿಯ ತಾಳೆಗರಿಗಳನ್ನು ನೆನೆಯಿರಿ. ಷಟ್‌ಖಂಡಾಗಮದ ಧವಲಾ ಟೀಕೆಯ ಪ್ರತಿಗಳು ಹಳೆಗನ್ನಡ ಲಿಪಿಯಲ್ಲಿ ಉಳಿದು ಬಂದದ್ದು ಅಲ್ಲಿಯ ಕಾವಲಿನಿಂದಲೇ. ಆದರೆ ಬಹುಕಾಲ ಅವು ದರ್ಶನಕ್ಕಷ್ಟೇ ಇದ್ದವು. ನಕಲಾಗಿ ಹೊರಬಂದು, 1939ರಿಂದ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಅಚ್ಚಾಗತೊಡಗಿದ ಮೇಲೆಯೇ ಲೋಕ ಅವನ್ನು ಓದಿದ್ದು. ಕಾದವರು ಇಲ್ಲದಿದ್ದರೆ ಗರಿ ಉಳಿಯುತ್ತಿರಲಿಲ್ಲ. ಬಿಚ್ಚಿದವರು ಇಲ್ಲದಿದ್ದರೆ ಉಳಿದೂ ಫಲವಿರುತ್ತಿರಲಿಲ್ಲ.

ಬಿಚ್ಚಿದವರಲ್ಲಿ ನಮ್ಮ ಕಸುಬಿನವರೇ ಒಬ್ಬರಿದ್ದಾರೆ. ಮೈಸೂರಿನ ಓರಿಯಂಟಲ್ ಲೈಬ್ರರಿ ಶುರುವಾದದ್ದು 1891ರಲ್ಲಿ. ಅಲ್ಲಿ ಗ್ರಂಥಪಾಲಕರಾಗಿದ್ದ ಆರ್. ಶಾಮಶಾಸ್ತ್ರಿಗಳು ತಂಜಾವೂರು ಕಡೆಯ ಪಂಡಿತರೊಬ್ಬರು ತಂದುಕೊಟ್ಟ ಒಂದು ತಾಳೆಗರಿ ಕಟ್ಟನ್ನು ನಂಬರು ಹಾಕಿ ಒಳಗಿಟ್ಟು ಸುಮ್ಮನಾಗಲಿಲ್ಲ, ಓದಿದರು. ಅದು ಕೌಟಿಲ್ಯನ ಅರ್ಥಶಾಸ್ತ್ರವಾಗಿತ್ತು. 1909ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಹೆಸರು ಮಾತ್ರ ಉಳಿದು ಪಠ್ಯ ಕಳೆದೇ ಹೋಯಿತೆಂದುಕೊಂಡಿದ್ದ ಗ್ರಂಥ ಮೈಸೂರಿನಿಂದ ಮತ್ತೆ ಜಗತ್ತಿಗೆ ಸಿಕ್ಕಿತು.

ಈ ಕೆಲಸವನ್ನು ಹೇಳಿಕೊಟ್ಟು ಕಲಿಸಬಹುದು, ಕಲಿಸಲೇಬೇಕು ಎಂಬ ಯೋಚನೆ ಬಂದದ್ದು ತೀರಾ ಈಚೆಗೆ. ಅಮೆರಿಕದ ಮೆಲ್ವಿಲ್ ಡ್ಯೂಯಿ 1887ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ಕಾಲೇಜಿನಲ್ಲಿ ಮೊದಲ ಗ್ರಂಥಾಲಯ ಶಾಲೆ ತೆರೆದ. ಮೊದಲ ತಂಡದ ಇಪ್ಪತ್ತು ಮಂದಿಯಲ್ಲಿ ಹದಿನೇಳು ಮಂದಿ ಹೆಂಗಸರು. ಕಾಲೇಜಿನ ಆಡಳಿತದವರಿಗೆ ಅದು ಸರಿಬರಲಿಲ್ಲ, ಶಾಲೆ ಎರಡೇ ವರ್ಷಕ್ಕೆ ಆಲ್ಬನಿಗೆ ಹೋಯಿತು. ಆ ಶಾಲೆಗಳಲ್ಲಿ ಕೈಬರಹವೂ ಒಂದು ಪಾಠ. ಕಾರ್ಡಿನ ಮೇಲೆ ಯಾರು ಬರೆದರೂ ಒಂದೇ ಥರ ಕಾಣುವ, ಯಾರು ಬೇಕಾದರೂ ಸಲೀಸಾಗಿ ಓದಬಲ್ಲ ದುಂಡಗಿನ ಅಕ್ಷರ. ಓದುಗನಿಗಾಗಿ ತನ್ನ ಬರವಣಿಗೆಯನ್ನೇ ತಿದ್ದಿಕೊಳ್ಳುವುದರಿಂದ ಈ ಕಸುಬಿನ ಪಾಠ ಶುರುವಾಗುತ್ತಿತ್ತು.

ಭಾರತಕ್ಕೆ ಈ ಪಾಠವನ್ನು ತಂದವರೂ ಡ್ಯೂಯಿಯ ಬಳಗದವರೇ. ಬರೋಡಾದ ಸಯಾಜಿರಾವ್ ಗಾಯಕವಾಡರು 1910ರಲ್ಲಿ ವಿಲಿಯಂ ಬೋರ್ಡನ್ ಎಂಬವನನ್ನು ಅಮೆರಿಕದಿಂದ ಕರೆಸಿದರು. ಮರುವರ್ಷವೇ ಅಲ್ಲಿ ತರಬೇತಿ ತರಗತಿ ಆರಂಭವಾಯಿತು. 1915ರಲ್ಲಿ ಲಾಹೋರಿನ ಪಂಜಾಬ್ ವಿಶ್ವವಿದ್ಯಾಲಯದಲ್ಲಿ ಏಸಾ ಡಾನ್ ಡಿಕಿನ್ಸನ್ ಇನ್ನೊಂದು ತರಗತಿ ನಡೆಸಿದ. ಸುಮಾರು ಅದೇ ಹೊತ್ತಿಗೆ, ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಬೆಂಗಳೂರು, ಮೈಸೂರುಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ಬಂದವು. ಕಬ್ಬನ್ ಪಾರ್ಕಿನ ಕೆಂಪು ಕಟ್ಟಡ, ಶೇಷಾದ್ರಿ ಅಯ್ಯರ್ ಸ್ಮಾರಕ ಭವನ, ನಮ್ಮಲ್ಲಿ ಎಷ್ಟೋ ಜನ ಮೊದಲ ಸಲ ಕಾರ್ಡು ಮಾಡಿಸಿದ ಜಾಗ.

ಆದರೆ ನಮ್ಮ ತರಗತಿಗಳಲ್ಲಿ ಎಲ್ಲ ದಾರಿಗಳೂ ಹೋಗಿ ಸೇರುತ್ತಿದ್ದದ್ದು ಎಸ್. ಆರ್. ರಂಗನಾಥನ್ ಅವರ ಹತ್ತಿರ. ಗೋಡೆಯ ಮೇಲೆ ಅವರ ಪಟ, ಆಗಸ್ಟ್ 12ಕ್ಕೆ ಹಾರ, ಗ್ರಂಥಪಾಲಕರ ದಿನಾಚರಣೆ. ಪಟದೊಳಗಿನ ಆ ದೊಡ್ಡವರು ಕೂಡ ಒಂದು ಕಾಲಕ್ಕೆ ನನ್ನ ಹಾಗೇ ತಬ್ಬಿಬ್ಬಾಗಿದ್ದ ಹೊಸಬರು ಎನ್ನುವುದು ಮಾತ್ರ ನನಗೆ ಹೊಳೆದದ್ದು ಈ ಶಾಲೆಯಲ್ಲಿ ಕೂತಾಗ.

ರಂಗನಾಥನ್ ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಆ ಹುದ್ದೆಗೆ ಅರ್ಜಿ ಹಾಕಿದ್ದ ಸುಮಾರು ಒಂಬೈನೂರು ಮಂದಿಯಲ್ಲಿ ಒಬ್ಬರಿಗೂ ಗ್ರಂಥಾಲಯದ ತರಬೇತಿ ಇರಲಿಲ್ಲ. ಇವರಿಗೂ ಇರಲಿಲ್ಲ. ಸಂದರ್ಶನಕ್ಕೆ ಮುಂಚೆ ಬ್ರಿಟಾನಿಕಾ ವಿಶ್ವಕೋಶದಲ್ಲಿ ಗ್ರಂಥಾಲಯದ ಬಗ್ಗೆ ಇದ್ದ ಲೇಖನ ಓದಿಕೊಂಡು ಹೋಗಿದ್ದರು, ಅಷ್ಟೇ ಬಂಡವಾಳ. ಕೆಲಸಕ್ಕೆ ಸೇರಿ ಕೆಲವೇ ದಿನಕ್ಕೆ ತಡೆಯಲಾರದಷ್ಟು ಬೇಜಾರು. ಮಾತಾಡಿಸುವವರಿಲ್ಲ, ಓದಲು ಬರುವವರಿಲ್ಲ. ವಾಪಸು ಪ್ರೆಸಿಡೆನ್ಸಿ ಕಾಲೇಜಿಗೆ ಹೋಗಿ, ನನ್ನ ಗಣಿತವನ್ನೇ ಕೊಡಿ ಎಂದು ಕೇಳಿದರು. ಲಂಡನ್ನಿಗೆ ಹೋಗಿ ಈ ಕೆಲಸ ಕಲಿತು ಬಾ, ಆಮೇಲೂ ಬೇಡವೆನಿಸಿದರೆ ನೋಡೋಣ ಎಂಬ ಒಪ್ಪಂದದ ಮೇಲೆ ಹಡಗು ಹತ್ತಿದರು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ತರಗತಿ ಅವರನ್ನು ಬದಲಾಯಿಸಿತು ಎನ್ನುವುದು ಅರ್ಧ ಸತ್ಯ. ಅಲ್ಲಿ ಪಾಠ ಹೇಳುತ್ತಿದ್ದ ಬೆರ್ವಿಕ್ ಸೇಯರ್ಸ್ ಲಂಡನ್ ಪಕ್ಕದ ಕ್ರಾಯ್ಡನ್ ಪಟ್ಟಣದ ಸಾರ್ವಜನಿಕ ಗ್ರಂಥಾಲಯದ ಮುಖ್ಯಸ್ಥರೂ ಆಗಿದ್ದರು. ಈ ಮದರಾಸಿನ ವಿದ್ಯಾರ್ಥಿಯನ್ನು ಅವರು ತಮ್ಮ ಗ್ರಂಥಾಲಯಕ್ಕೇ ಕರೆದುಕೊಂಡರು. ಮೂವತ್ತು ದಾಟಿದ, ಕಾಲೇಜಿನಲ್ಲಿ ಪಾಠ ಮಾಡಿ ಬಂದಿದ್ದ ಮೇಷ್ಟ್ರು ಅಲ್ಲಿ ಕೈಯಾರೆ ಕೆಲಸ ಕಲಿತರು. ಆಮೇಲೆ ಇಂಗ್ಲೆಂಡಿನ ನೂರಕ್ಕೂ ಹೆಚ್ಚು ಗ್ರಂಥಾಲಯಗಳನ್ನು ತಿರುಗಿ ನೋಡಿದರು. ಕೂಲಿಯವರು, ಗೃಹಿಣಿಯರು, ಮಕ್ಕಳು ಬಂದು ಸ್ವಂತ ಮನೆಯಂತೆ ಪುಸ್ತಕ ತೆಗೆದುಕೊಂಡು ಹೋಗುವುದನ್ನು ಕಂಡರು. ಸೇಯರ್ಸ್ ಮಕ್ಕಳ ಗ್ರಂಥಾಲಯಗಳ ಬಗ್ಗೆ 1912ರಷ್ಟು ಹಿಂದೆಯೇ ಪುಸ್ತಕ ಬರೆದವರು ಎನ್ನುವುದನ್ನು ಇಲ್ಲಿ ನೆನೆಯಬೇಕು. ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆಯನ್ನು, ಅಂದರೆ ಅವೇ ಪಟ್ಟಿ, ಅವೇ ಬೋಲ್ಟುಗಳಿಂದ ಬೇರೆ ಬೇರೆ ಗೊಂಬೆ ಕಟ್ಟುವುದನ್ನು ನೋಡಿ ಕೋಲನ್ ವರ್ಗೀಕರಣದ ಹೊಳಹು ಸಿಕ್ಕಿದ್ದೂ ಆಗಲೇ. 1925ರಲ್ಲಿ ಹಿಂದಿರುಗುವಾಗ ಹಡಗಿನಲ್ಲಿದ್ದ ಸಣ್ಣ ಗ್ರಂಥಾಲಯವನ್ನೇ ಹೊಸ ಕ್ರಮದಲ್ಲಿ ಜೋಡಿಸಿ ಪ್ರಯೋಗ ಮಾಡಿಬಿಟ್ಟರು. ಗಣಿತಕ್ಕೆ ಮತ್ತೆ ಹೋಗಲಿಲ್ಲ.

ಮದರಾಸಿಗೆ ಬಂದವರು ಮಾಡಿದ ದೊಡ್ಡ ಕೆಲಸಗಳಲ್ಲಿ ಒಂದು, ಬೀರುಗಳನ್ನು ತೆರೆದದ್ದು. ಓದುಗರೇ ಕಪಾಟಿನವರೆಗೆ ಬಂದು ಪುಸ್ತಕ ಮುಟ್ಟಿ ಆರಿಸಿಕೊಳ್ಳಲಿ ಎಂದರು. 1929ರಲ್ಲಿ ಮದರಾಸು ಗ್ರಂಥಾಲಯ ಸಂಘದ ಬೇಸಿಗೆ ಶಾಲೆ ಶುರುವಾಯಿತು. 1931ರಲ್ಲಿ ಗ್ರಂಥಾಲಯದ ಐದು ಸೂತ್ರಗಳ ಪುಸ್ತಕ ಬಂತು. ಅದರ ಮೊದಲ ಸೂತ್ರವನ್ನು ವಿವರಿಸಲು ಅವರು ಎತ್ತಿಕೊಂಡದ್ದು ಆ ಹಳೆಯ ಸರಪಳಿಯ ಕತೆಯನ್ನೇ. ಪುಸ್ತಕ ಇರುವುದು ಯಾರಾದರೂ ಉಪಯೋಗಿಸಲಿ ಎಂದು. ಈಗ ಸರಳವಾಗಿ ಕಾಣುವ ಈ ಮಾತನ್ನು ಆಗ ವಾದ ಮಾಡಿ ಗೆಲ್ಲಬೇಕಾಗಿತ್ತು.

ಶ್ರೀಗಂಧದ ಕಾವಲಿನ ಶಾಲೆಯಲ್ಲಿ ನನ್ನ ಮೊದಲ ವಾರ ದಾಖಲೆ ಪುಸ್ತಕದಲ್ಲಿ ಕಳೆಯಿತು. ಹೊಸ ಪುಸ್ತಕವೊಂದಕ್ಕೆ ನಂಬರು ಕೊಟ್ಟ ಮೇಲೆ, ಆ ಪುಸ್ತಕ ಹರಿದು ಮಣ್ಣಾದರೂ ಅದೇ ನಂಬರನ್ನು ಇನ್ನೊಂದಕ್ಕೆ ಕೊಡುವ ಹಾಗಿಲ್ಲ. ಮುದ್ರೆ ಶೀರ್ಷಿಕೆ ಪುಟದಲ್ಲೊಂದು, ಗುಟ್ಟಿನ ಪುಟದಲ್ಲೊಂದು. ಪ್ರತಿ ಗ್ರಂಥಾಲಯವೂ ತನಗೆ ಬೇಕಾದ ಒಂದು ಪುಟದ ಸಂಖ್ಯೆಯನ್ನು ಗುಟ್ಟಾಗಿ ಇಟ್ಟುಕೊಂಡಿರುತ್ತದೆ. ಕದ್ದವರು ಮೊದಲ ಪುಟ ಹರಿದರೂ ಆ ಪುಟ ಸಾಕ್ಷಿ ಹೇಳುತ್ತದೆ. ಹೊಸ ಪುಸ್ತಕವನ್ನು ಬಿಡಿಸುವುದಕ್ಕೂ ಕ್ರಮವಿದೆ. ಬೆನ್ನನ್ನು ಮೇಜಿನ ಮೇಲೆ ಊರಿ, ಎಡದಿಂದ ಕೆಲವು ಹಾಳೆ, ಬಲದಿಂದ ಕೆಲವು ಹಾಳೆ ಹೀಗೆ ಮೆಲ್ಲಗೆ ಒತ್ತುತ್ತಾ ನಡುವಿಗೆ ಬರಬೇಕು. ನೇರ ನಡುವಿಗೆ ಬಿಡಿಸಿದರೆ ಬೆನ್ನು ಮುರಿಯುತ್ತದೆ. ತರಗತಿಯಲ್ಲಿ ಇದನ್ನು ನೋಟ್ಸ್ ಬರೆದುಕೊಂಡಿದ್ದೆ. ಅಂಗೈಗೆ ತಿಳಿದದ್ದು ಇಲ್ಲಿ, ಎರಡು ಪುಸ್ತಕಗಳ ಬೆನ್ನು ಮುರಿದ ಮೇಲೆ.

ಎರಡನೇ ವಾರ ವರ್ಗೀಕರಣ. ನಮಗೆ ಹೇಳಿಕೊಟ್ಟಿದ್ದು 1876ರ ಡ್ಯೂಯಿ ದಶಮಾಂಶ ಪದ್ಧತಿ. ಅದರಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820, ಮೂರೇ ಅಂಕಿ. ಕನ್ನಡ ಸಾಹಿತ್ಯಕ್ಕೆ 894.814. ಸೊನ್ನೆಯಿಂದ ಒಂಬತ್ತರವರೆಗಿನ ಜಾಗದಲ್ಲಿ ತನ್ನ ಸುತ್ತಲಿನ ಭಾಷೆಗಳನ್ನು ಅಗಲವಾಗಿ ಕೂರಿಸಿ, ಉಳಿದ ಜಗತ್ತನ್ನೆಲ್ಲ 890ರ ಒಂದೇ ಮೂಲೆಗೆ ಒತ್ತಿದ ಲೆಕ್ಕ ಅದು. ಪುಸ್ತಕದಲ್ಲಿ ಓದಿದಾಗ ಇದೊಂದು ಟೀಕೆಯ ಅಂಶ, ಪರೀಕ್ಷೆಯಲ್ಲಿ ಐದು ಅಂಕ. ಶಾಲೆಯಲ್ಲಿ ಅದು ಕೈಯ ಸಮಸ್ಯೆ. ಮಕ್ಕಳ ಕನ್ನಡ ಪುಸ್ತಕದ ಬೆನ್ನು ಬೆಂಕಿಕಡ್ಡಿಯಷ್ಟು ದಪ್ಪ. ಕಿಂದರಿಜೋಗಿಯಂಥ ತೆಳ್ಳನೆಯ ಪುಸ್ತಕದ ಬೆನ್ನಿನ ಮೇಲೆ ಏಳು ಗುರುತಿನ ನಂಬರು ಎಲ್ಲಿ ಬರೆಯುವುದು? ಚೀಟಿ ಸುತ್ತಿ ಅಂಟಿಸಿದರೆ ಚಿತ್ರ ಮುಚ್ಚುತ್ತದೆ. ರಂಗನಾಥನ್ ಅವರ ಕೋಲನ್ ಪದ್ಧತಿಯಲ್ಲಿ ಕನ್ನಡ ಸಾಹಿತ್ಯಕ್ಕೆ ಓ ಅಕ್ಷರ ಮತ್ತು 33, ಮುಗಿಯಿತು. ತನ್ನ ಕಪಾಟಿನ ಮುಂದೆ ತಾನೇ ನಿಂತು ಯೋಚಿಸಿದವನ ಕೆಲಸ ಎಲ್ಲಿ ಬೇರೆಯಾಗುತ್ತದೆ ಎನ್ನುವುದು ಗೋಂದಿನ ಬಾಟಲಿ ಹಿಡಿದು ಕೂತಾಗ ಅರ್ಥವಾಯಿತು.

ಕೊನೆಗೆ ನಾನು ಎರಡೂ ಪದ್ಧತಿಯನ್ನು ಬದಿಗಿಟ್ಟು ಬಣ್ಣದ ಚುಕ್ಕಿ ಅಂಟಿಸಿದೆ. ಒಂದು ಸಾಲಿನ ಪುಸ್ತಕಕ್ಕೆ ಒಂದು ಬಣ್ಣ, ಪುಟ ತುಂಬ ಅಕ್ಷರವಿದ್ದದ್ದಕ್ಕೆ ಇನ್ನೊಂದು. 2004ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಪ್ರಥಮ್ ಬುಕ್ಸ್ ತನ್ನ ಪುಸ್ತಕಗಳನ್ನು ಓದುವ ಹಂತದ ಪ್ರಕಾರ ವಿಂಗಡಿಸುವುದನ್ನು ನೋಡಿದ್ದೆ, ಅದೇ ಧೈರ್ಯ. ಇದಕ್ಕೆ ಅಂಕ ಸಿಗುವುದಿಲ್ಲವೆಂದು ಗೊತ್ತಿತ್ತು. ಸಿಗಲೂ ಇಲ್ಲ.

ಆ ದಿನಗಳಲ್ಲಿ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಒಂದು ಸಂಗತಿ ಕಾಡುತ್ತಿತ್ತು. ರಂಗನಾಥನ್ 1957ರಲ್ಲಿ ಬೆಂಗಳೂರಿಗೆ ಬಂದರು, 1972ರ ಸೆಪ್ಟೆಂಬರ್ 27ರಂದು ಇಲ್ಲೇ ತೀರಿಕೊಂಡರು. 1962ರಲ್ಲಿ ಭಾರತೀಯ ಸಾಂಖ್ಯಿಕ ಸಂಸ್ಥೆಯ ಆಶ್ರಯದಲ್ಲಿ ಅವರು ಇಲ್ಲಿ ಕಟ್ಟಿದ ದಾಖಲಾತಿ ಸಂಶೋಧನಾ ಮತ್ತು ತರಬೇತಿ ಕೇಂದ್ರ ಈಗ ಮೈಸೂರು ರಸ್ತೆಯ ಎಂಟನೇ ಮೈಲಿಯಲ್ಲಿದೆ. ಹೆಂಡತಿಯ ಹೆಸರನ್ನೂ ಸೇರಿಸಿ ಸ್ಥಾಪಿಸಿದ, ಅವರ ಪುಸ್ತಕಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿದ ಶಾರದಾ ರಂಗನಾಥನ್ ದತ್ತಿಯ ವಿಳಾಸ ರಾಜಾಜಿನಗರ. ಜ್ಞಾನಭಾರತಿ ಆವರಣದಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಗ್ರಂಥಾಲಯ ವಿಜ್ಞಾನ ವಿಭಾಗ. ನಕ್ಷೆಯಲ್ಲಿ ಈ ಮೂರಕ್ಕೂ ಗೆರೆ ಎಳೆದರೆ ಶ್ರೀಗಂಧದ ಕಾವಲ್ ಹೆಚ್ಚು ದೂರದಲ್ಲಿಲ್ಲ. ದೇಶಕ್ಕೇ ಗ್ರಂಥಪಾಲಕರನ್ನು ತಯಾರು ಮಾಡಿದ ಊರಿನ ಇದೇ ಪಶ್ಚಿಮದ ಮಗ್ಗುಲಲ್ಲಿ, ಐದು ಬೀರುಗಳಿಗೆ ಹನ್ನೊಂದು ವರ್ಷದಿಂದ ಬೀಗ.

ಇದಕ್ಕೆ ಮೇಡಂ ಕಾರಣರಲ್ಲ. ಕಾನೂನುಗಳನ್ನು ಓದಿ ನೋಡಿದೆ. 1965ರ ಮೈಸೂರು ಸಾರ್ವಜನಿಕ ಗ್ರಂಥಾಲಯ ಕಾಯ್ದೆ, ಈಗಿನ ಕರ್ನಾಟಕದ ಕಾಯ್ದೆ, ರಂಗನಾಥನ್ ಅವರ ಒತ್ತಾಸೆ ಇದ್ದ ಒಳ್ಳೆಯ ಕಾಯ್ದೆ. ನಾವು ಮನೆ ಕಂದಾಯದ ಜೊತೆ ಕಟ್ಟುವ ಗ್ರಂಥಾಲಯ ಕರ ಅದರ ಫಲ. ಬಡಾವಣೆಯ ಗ್ರಂಥಾಲಯಗಳು ಅದರಿಂದ ನಡೆಯುತ್ತವೆ. ಶಾಲೆಯ ಬೀರು ಅದರ ವ್ಯಾಪ್ತಿಗೆ ಬರುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರತಿ ಶಾಲೆಯಲ್ಲೂ ಗ್ರಂಥಾಲಯ ಇರಬೇಕು, ಪತ್ರಿಕೆ, ನಿಯತಕಾಲಿಕೆ, ಕತೆಪುಸ್ತಕಗಳೂ ಇರಬೇಕು ಎನ್ನುತ್ತದೆ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು, ಚಿತ್ರಕಲೆಗೆ ಯಾರು, ದೈಹಿಕ ಶಿಕ್ಷಣಕ್ಕೆ ಯಾರು ಎಂದೆಲ್ಲ ಇದೆ. ಗ್ರಂಥಪಾಲಕರ ಮಾತೇ ಇಲ್ಲ. ಮುಂದೆ 2018ರ ಹೊತ್ತಿಗೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ವರ್ಷಕ್ಕೆ 5,000ದಿಂದ 20,000 ರೂಪಾಯಿವರೆಗೆ ಗ್ರಂಥಾಲಯ ಅನುದಾನವೂ ಬಂತು. ಪುಸ್ತಕಕ್ಕೆ ಹಣವಿದೆ, ಅದನ್ನು ಮಗುವಿನ ಕೈಗೆ ದಾಟಿಸುವವರಿಗೆ ಹುದ್ದೆಯಿಲ್ಲ. ಕೇಂದ್ರ ಪಠ್ಯಕ್ರಮದ ಖಾಸಗಿ ಶಾಲೆಗಳು ಮಾನ್ಯತೆಗಾಗಿ ಅರ್ಹ ಗ್ರಂಥಪಾಲಕರನ್ನು ಇಟ್ಟುಕೊಳ್ಳಬೇಕು. ನನ್ನ ಗೆಳತಿಯರಲ್ಲಿ ಶಾಲೆಗೆ ಸೇರಿದವರೆಲ್ಲ ಅಲ್ಲೇ ಸೇರಿದ್ದು. ಹೀಗೆ ಪುಸ್ತಕ ಇರುವ ಮನೆಯ ಮಕ್ಕಳಿಗೆ ಗ್ರಂಥಪಾಲಕಿಯೂ ಸಿಕ್ಕಳು, ಮನೆಯಲ್ಲಿ ಪುಸ್ತಕವಿಲ್ಲದ ಮಕ್ಕಳಿಗೆ ಬೀಗದ ಕೈ ಇರುವ ಮೇಡಂ ಸಿಕ್ಕರು.

ಮೂರನೇ ವಾರದ ಸೋಮವಾರ ಮೇಡಂ ಒಪ್ಪಿಗೆ ಪಡೆದು ಬೀರುಗಳನ್ನು ತೆಗೆದೆ. "ನಿನ್ನ ಜವಾಬ್ದಾರಿ ಕಣಮ್ಮಾ" ಎಂದು ಎರಡು ಸಲ ಹೇಳಿದರು. ಮಧ್ಯಾಹ್ನದ ಊಟದ ನಂತರ ಒಂದು ಪೀರಿಯಡ್ಡು, ಜಮಖಾನದ ಮೇಲೆ ಪುಸ್ತಕ ಹರಡಿದ್ದು. ಮಕ್ಕಳು ಬಾಗಿಲಲ್ಲೇ ನಿಂತರು. ಅವರಿಗೆ ಮುಟ್ಟಬಹುದೇ ಎಂಬ ಅನುಮಾನ. ಐದನೇ ಕ್ಲಾಸಿನ, ಕಲಬುರಗಿ ಕಡೆಯ ಹುಡುಗನೊಬ್ಬ ಎಲ್ಲರಿಗಿಂತ ಮೊದಲು ಕೇಳಿದ: "ಮಿಸ್, ಇದನ್ನ ಮನೀಗೆ ಒಯ್ಲೇನ್ರಿ?" ಹ್ಞೂಂ ಎಂದೆ. ಅವನು ನಂಬಲಿಲ್ಲ. ಮರುದಿನ ಮತ್ತೆ ಬಂದು ಅದನ್ನೇ ಕೇಳಿದ. ಮೂರನೇ ದಿನ ತೆಗೆದುಕೊಂಡು ಹೋದ.

ಯಾರು ಏನು ಓದುತ್ತಾರೆ ಎನ್ನುವುದು ಕೂಡ ಯಾವ ಪಠ್ಯದಲ್ಲೂ ಇರಲಿಲ್ಲ. ಏಳನೇ ಕ್ಲಾಸಿನ ಹುಡುಗಿ ಒಂದು ಸಾಲಿನ ಚಿತ್ರದ ಪುಸ್ತಕವನ್ನೇ ದಿನಾ ಒಯ್ಯುತ್ತಿದ್ದಳು. ನಿನಗೆ ಇದು ಚಿಕ್ಕದಾಗಲಿಲ್ಲವೇ ಎಂದು ನಾನು ದೊಡ್ಡ ಪುಸ್ತಕ ಮುಂದೆ ಹಿಡಿದೆ. ಆಮೇಲೆ ಎರಡು ದಿನ ಅವಳು ಬರಲೇ ಇಲ್ಲ. ಮೇಡಂ ವಿಚಾರಿಸಿ ಹೇಳಿದರು, ಅವಳು ಆ ಪುಸ್ತಕ ಒಯ್ಯುತ್ತಿದ್ದದ್ದು ಅಮ್ಮನಿಗೆ ಓದಲು ಕಲಿಸಲಿಕ್ಕೆ. ನನಗೆ ನಾಚಿಕೆಯಾಯಿತು. ಓದುಗ ಕೇಳಿದ್ದನ್ನು ಮೊದಲು ಕೊಡು, ಆಮೇಲೆ ಬುದ್ಧಿ ಹೇಳು ಎನ್ನುವುದನ್ನು ನಾನು ಕಲಿತದ್ದು ಆ ಎರಡು ದಿನಗಳ ಬೆಲೆ ತೆತ್ತು.

ಕೊನೆಯ ವಾರ ಎಣಿಕೆ. ಆ ಎರಡು ವಾರಗಳಲ್ಲಿ 412 ಸಲ ಪುಸ್ತಕ ಹೊರಗೆ ಹೋಗಿತ್ತು. ಎರಡು ಬಂದಿರಲಿಲ್ಲ. ಒಂದರ ಬೆಲೆ 35 ರೂಪಾಯಿ, ಇನ್ನೊಂದರದು 20. ಮೇಡಂ ಮುಖ ಸಣ್ಣದಾಯಿತು. ಆಗ ಹೇಳಿದರು, ಅವರಿಗಿಂತ ಮುಂಚೆ ಇನ್‌ಚಾರ್ಜ್ ಆಗಿದ್ದವರು ನಿವೃತ್ತಿಯಾಗುವಾಗ ಲೆಕ್ಕ ಸರಿಹೋಗದೆ ಕೈಯಿಂದ ದುಡ್ಡು ಕಟ್ಟಿ ಹೋಗಿದ್ದರಂತೆ. ದುಡ್ಡಿಗಿಂತ, ಕೊನೆಯ ದಿನ ಎಲ್ಲರೆದುರು ಲೆಕ್ಕ ಒಪ್ಪಿಸಿದ ಅವಮಾನ ಮೇಡಂ ಕಣ್ಣಲ್ಲಿ ಉಳಿದಿತ್ತು. ಗಂಧದ ಸಸಿ ಕಿತ್ತ ರೈತನ ಭಯ ಬೇರೆಯಲ್ಲ, ಇದು ಬೇರೆಯಲ್ಲ.

ನನ್ನ ನೋಟ್ಸಿನಲ್ಲಿ ಒಂದು ನಿಯಮ ಇತ್ತು. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳ ಪ್ರಕಾರ, ವರ್ಷವೊಂದರಲ್ಲಿ ಓದಲು ಕೊಟ್ಟ ಅಥವಾ ಅಲ್ಲೇ ನೋಡಿದ ಪ್ರತಿ ಸಾವಿರ ಪುಸ್ತಕಕ್ಕೆ ಐದು ಕಳೆದರೆ ಅದು ಸಹಜ ನಷ್ಟ. ಮೋಸವೋ ಅಸಡ್ಡೆಯೋ ಕಾರಣವಾಗಿರಬಾರದು, ಅಷ್ಟೇ. ಸಾವಿರ ರೂಪಾಯಿ ಮೀರಿದ ಪುಸ್ತಕ, ಅಪರೂಪದ ಪುಸ್ತಕವಾದರೆ ಮಾತ್ರ ತನಿಖೆ. ಆ ನಿಯಮದ ಜಾಣತನ ನೋಡಿ. ಸಹಜ ನಷ್ಟವನ್ನು ಅದು ಅಳೆಯುವುದು ಬೀರುವಿನಲ್ಲಿ ಎಷ್ಟಿದೆ ಎಂಬುದರಿಂದಲ್ಲ, ಎಷ್ಟು ಹೊರಗೆ ಹೋಯಿತು ಎಂಬುದರಿಂದ. ಹೆಚ್ಚು ಕೊಟ್ಟವರಿಗೆ ಹೆಚ್ಚು ಕಳೆಯುವ ಅವಕಾಶ. ಕೊಡದೇ ಇಟ್ಟವರಿಗೆ ಒಂದೂ ಇಲ್ಲ. 412ಕ್ಕೆ ಲೆಕ್ಕ ಹಾಕಿದರೆ ಎರಡು ಪುಸ್ತಕ. ಕಾಗದದ ಮೇಲೆ ಬರೆದು ತೋರಿಸಿದೆ. ಮೇಡಂ ಕನ್ನಡಕ ಏರಿಸಿ ಓದಿದರು. "ಇದು ಸೆಂಟ್ರಲ್‌ನವರದ್ದು. ನಮ್ಮ ಆಡಿಟ್‌ನವರಿಗೆ ಇದು ಗೊತ್ತೇನಮ್ಮಾ?"

ನನ್ನಲ್ಲಿ ಉತ್ತರವಿರಲಿಲ್ಲ. 55 ರೂಪಾಯಿ ಕೊಡಲು ಪರ್ಸು ತೆಗೆದೆ, ಅವರು ಬೇಡವೆಂದರು. ಒಂದು ಪುಸ್ತಕ ಶುಕ್ರವಾರ ಬಂತು. ಕಲಬುರಗಿಯ ಹುಡುಗ ಊರಿಗೆ ಹೋದವನು ಜೊತೆಗೇ ಒಯ್ದಿದ್ದ. ಇನ್ನೊಂದು ನಾನಿರುವವರೆಗೂ ಬರಲಿಲ್ಲ.

ಗ್ರಂಥಪಾಲಕ ಎಂಬ ಕನ್ನಡದ ಮಾತನ್ನು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಪಾಲಿಸುವುದು ಎಂದರೆ ಕಾಯುವುದು ಹೌದು, ಸಾಕುವುದೂ ಹೌದು. ಪಶುಪಾಲಕ ದನವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಕೂರುವವನಲ್ಲ, ಬೆಳಗಾದರೆ ಮೇವಿಗೆ ಹೊಡೆದುಕೊಂಡು ಹೋಗುವವನು. ಹಿಂದಿನವರು ಕಾವಲ್ ಇಟ್ಟದ್ದು ಹುಲ್ಲನ್ನು ಕಾಯಲು. ಹುಲ್ಲು ಕಾದದ್ದು ದನ ಮೇಯಲಿ ಎಂದು. ರಂಗನಾಥನ್ ಕೊನೆಗಾಲದಲ್ಲಿ ಬರೆಯುತ್ತಿದ್ದದ್ದು ಶಾಲಾ ಗ್ರಂಥಾಲಯ ಮತ್ತು ಹೊಸ ಶಿಕ್ಷಣದ ಬಗ್ಗೆ. ಆ ಪುಸ್ತಕ ಅವರು ಹೋದ ಮರುವರ್ಷ, 1973ರಲ್ಲಿ ಬಂತು. ಅಷ್ಟೆಲ್ಲ ದೊಡ್ಡ ಸಿದ್ಧಾಂತ ಕಟ್ಟಿದ ಮೇಲೂ ಅವರ ಮನಸ್ಸು ಮಕ್ಕಳ ಕಪಾಟಿನ ಹತ್ತಿರಕ್ಕೇ ಬಂದು ನಿಂತಿತ್ತು.

ಕೊನೆಯ ದಿನ ಗೊಂಚಲನ್ನು ವಾಪಸು ಕೊಟ್ಟೆ. ಮೇಡಂ ಅದನ್ನು ಬ್ಯಾಗಿಗೆ ಹಾಕಿಕೊಂಡವರು ಮತ್ತೆ ತೆಗೆದು, ಒಂದು ಕೈಯನ್ನು ಬಿಡಿಸಿ ಮೇಜಿನ ಖಾನೆಯಲ್ಲಿಟ್ಟರು. ಬಣ್ಣದ ಚುಕ್ಕಿಯ ಪುಸ್ತಕಗಳಿದ್ದ ಬೀರುವಿನದು.

"ಇದೊಂದು ತೆಗೆದೇ ಇರಲಿ. ಮಿಕ್ಕಿದ್ದು ನನ್ನ ರಿಟೈರ್ಮೆಂಟ್ ಆದಮೇಲೆ ಯಾರಾದರೂ ತೆಗೆದುಕೊಳ್ಳಲಿ" ಎಂದರು. ಅವರ ಸರ್ವೀಸು ಇನ್ನೂ ಮೂರು ವರ್ಷವಿತ್ತು.